ಗೆಳೆಯರು, ಸಣ್ಣ ಬೋಟು, ಸಾವಿರ ಮೈಲಿ ಒಳನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಪೂರ್ವ ಕರಾವಳಿ ಉದ್ದಕ್ಕೂ ಹೋಗೋ ಇಂಟ್ರಾಕೋಸ್ಟಲ್ ವಾಟರ್‌ವೇ ಬಗ್ಗೆ ಪತ್ರಗಳು ಬರ್ತಾನೇ ಇವೆ, ಹಂಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಟ್ಬಿಟ್ಟಿದೀನಿ. ಗೊತ್ತಿಲ್ಲದವರಿಗೆ ಒಂದ್ಮಾತು: ಇದು ಒಂದೇ ಕಾಲುವೆ ಅಲ್ಲ, ನದಿ, ಹಿನ್ನೀರು, ಅಳಿವೆ, ತೋಡಿದ ಕಾಲುವೆ ಎಲ್ಲಾ ಸೇರಿಸಿ ಹೊಲಿದಿರೋ ದಾರಿ. ಸಮುದ್ರಕ್ಕೆ ಇಳೀದೇ ಕರಾವಳಿ ಒಳಗಡೆಯಿಂದಲೇ ದಕ್ಷಿಣಕ್ಕೆ ಹೋಗ್ಬಹುದು. ವರ್ಜೀನಿಯಾದ ನಾರ್ಫೋಕ್ ಹತ್ರ ಎಲಿಜಬೆತ್ ನದೀಲಿ ಮೈಲಿ 0 ಶುರು, ಫ್ಲೋರಿಡಾದ ಕೀ ವೆಸ್ಟ್ ತಲುಪೋ ಹೊತ್ತಿಗೆ 1240 ದಾಟಿರತ್ತೆ. ಇಲ್ಲಿ ಲೆಕ್ಕ ನಾಟಿಕಲ್ ಮೈಲಿ ಅಲ್ಲ, ರಸ್ತೇಲಿ ಬಳಸೋ 1.6 ಕಿಲೋಮೀಟರಿನ ಮೈಲೀನೇ.

ಪ್ರಶ್ನೆ: ನಾವು ಐದು ಜನ ಕಾಲೇಜ್ ಫ್ರೆಂಡ್ಸು. ಒಬ್ಬನ ಹತ್ರ 24 ಅಡಿ ಪವರ್‌ಬೋಟ್ ಇದೆ. ಎಲ್ಲರಿಗೂ ಕಷ್ಟಪಟ್ಟು ಎರಡು ವಾರ ರಜಾ ಸಿಕ್ಕಿದೆ. ನಾರ್ಫೋಕ್‌ನಿಂದ ಮಯಾಮಿವರೆಗೆ ಹೋಗೇ ಬರೋಣ ಅಂತಿದೀವಿ. ವಾಪಸ್ ಫ್ಲೈಟ್ ಟಿಕೆಟ್ ಈಗ್ಲೇ ಬುಕ್ ಮಾಡ್ಲಾ?

ಉತ್ತರ: ಬೇಡ. ದಯವಿಟ್ಟು ಬೇಡ. ಮಯಾಮಿ ಬರೋದು ಹತ್ತಿರತ್ತಿರ ಮೈಲಿ 1090ಕ್ಕೆ. ಹದಿನಾಲ್ಕು ದಿನಕ್ಕೆ ಭಾಗ ಮಾಡಿದ್ರೆ ದಿನಕ್ಕೆ 78 ಮೈಲಿ, ಗಂಟೆಗೆ 20 ಮೈಲಿ ಓಡೋ ಬೋಟಿಗೆ ನಾಲ್ಕು ಗಂಟೆ ಕೆಲಸ, ಅಷ್ಟೇ ತಾನೇ ಅನ್ಸತ್ತೆ. ಪೇಪರ್ ಮೇಲೆ ಸರಿನೇ. ನೀರಲ್ಲಿ ಆ ಲೆಕ್ಕ ನಿಲ್ಲಲ್ಲ, ಯಾಕಂದ್ರೆ ಊರು ಬಂದಾಗೆಲ್ಲ, ಮರೀನಾ (ಬೋಟು ನಿಲ್ಲಿಸೋ ತಂಗುದಾಣ) ಬಂದಾಗೆಲ್ಲ ‘ನೋ ವೇಕ್’, ಅಂದ್ರೆ ಹಿಂದೆ ಅಲೆ ಎಬ್ಬಿಸ್ಬೇಡಿ ಅನ್ನೋ ಬೋರ್ಡು ಇರತ್ತೆ, ಅಲ್ಲಿ ನಡೆಯೋ ವೇಗದಲ್ಲೇ ಹೋಗ್ಬೇಕು, ಫ್ಲೋರಿಡಾದಲ್ಲಿ ಮ್ಯಾನಟೀ ಅನ್ನೋ ಸಾಧು ಪ್ರಾಣಿಗಾಗಿ ಮೈಲಿಗಟ್ಟಲೆ ಸ್ಲೋ ಸ್ಪೀಡ್ ಜೋನ್ ಇದಾವೆ, ಸೇತುವೆ ತೆರೆಯೋವರೆಗೆ ಕಾಯೋದು ಇದೆ, ಪೆಟ್ರೋಲ್ ಹಾಕ್ಸೋದು ಇದೆ, ಮೇಲಿಂದ ಅಲ್ಬೆಮಾರ್ಲ್ ಸೌಂಡ್ ಅನ್ನೋ ದೊಡ್ಡ ಹಿನ್ನೀರಿನ ಥರ ಅಗಲವಾದ, ಆಳ ಕಡಿಮೆ ಇರೋ ನೀರಲ್ಲಿ ಗಾಳಿ ಎದ್ರೆ ಗಿಡ್ಡ ಗಿಡ್ಡ ಕಡಿದಾದ ಅಲೆ ಒಂದರ ಹಿಂದೆ ಒಂದು ಬಂದು 24 ಅಡಿ ಬೋಟನ್ನ ಅಲ್ಲಾಡಿಸಿಬಿಡತ್ತೆ, ಅಂಥ ದಿನ ಕಟ್ಟೆ ಬಿಡಲೇಬಾರದು.

ಫ್ಲೈಟ್ ಟಿಕೆಟ್ ಅಂದಾಗ ನಂಗೆ ಭಯ ಆಗೋದು ಇದಕ್ಕೇ. ಈ ದಾರೀಲಿ ತೊಂದರೆಗೆ ಸಿಕ್ಕೊಳ್ಳೋರಲ್ಲಿ ಜಾಸ್ತಿ ಜನ ಬೋಟ್ ಓಡಿಸೋಕೆ ಬರದವರಲ್ಲ, ‘ಇವತ್ತು ಸಂಜೆ ಒಳಗೆ ಅಲ್ಲಿ ಇರ್ಲೇಬೇಕು’ ಅಂತ ಹೊರಟವರು. ಗಾಳಿ ಜೋರಿದೆ ಅಂತ ಗೊತ್ತು, ಇಳಿತದ ಹೊತ್ತು ಅಂತ ಗೊತ್ತು, ಆದ್ರೂ ಹೋಗ್ತಾರೆ. ಹಂಗಾಗಿ ದೂರ ಅರ್ಧಕ್ಕಿಂತ ಕಡಿಮೆ ಮಾಡ್ಕೊಳ್ಳಿ. ನಾರ್ಫೋಕ್‌ನಿಂದ ನಾರ್ತ್ ಕೆರೊಲಿನಾದ ಬೋಫೋರ್ಟ್‌ವರೆಗೆ ಸುಮಾರು 200 ಮೈಲಿ, ಆರಾಮಾಗಿ ಒಂದು ವಾರ. ಎರಡೂ ವಾರ ನೀರಲ್ಲೇ ಕಳೀಬೇಕು ಅಂದ್ರೆ ಚಾರ್ಲ್‌ಸ್ಟನ್‌ನಿಂದ ಸೇಂಟ್ ಅಗಸ್ಟೀನ್ ಮಾಡಿ, 300 ಮೈಲಿ ಚಿಲ್ರೆ, ಇಡೀ ದಾರಿಯ ಅತಿ ಕಾಡು ಭಾಗ ಅದ್ರಲ್ಲೇ ಬರತ್ತೆ. ನಾಲ್ಕು ದಿನಕ್ಕೊಂದು ದಿನ ಖಾಲಿ ಬಿಡಿ, ಅದು ಮಳೆಗೋ ಗಾಳಿಗೋ ರಿಪೇರಿಗೋ ಹೋಗತ್ತೆ. ಏನೂ ಆಗ್ಲಿಲ್ಲ ಅಂದ್ರೆ ಒಂದು ಒಳ್ಳೆ ಊರಲ್ಲಿ ಇಳಿದು ಸುತ್ತಾಡಿ. ವಾಪಸ್ ಟಿಕೆಟ್ ಮಾತ್ರ ಕೊನೇ ಮೂರು ದಿನದಲ್ಲಿ ತಗೊಳ್ಳಿ, ನಾಲ್ಕು ಕಾಸು ಜಾಸ್ತಿ ಆದ್ರೂ ಪರವಾಗಿಲ್ಲ.

ಪ್ರಶ್ನೆ: ಸಮುದ್ರದಿಂದ ವಾಪಸ್ ಬರೋವಾಗ ದಾರಿ ತೋರಿಸೋ ಕೆಂಪು ಗುರುತು ಬಲಕ್ಕೆ ಇರ್ಬೇಕು ಅಂತ ಬೋಟಿಂಗ್ ಕೋರ್ಸಲ್ಲಿ ಹೇಳಿಕೊಟ್ರು. ಆದ್ರೆ ಇಂಟ್ರಾಕೋಸ್ಟಲ್‌ನಲ್ಲಿ ಸಮುದ್ರದಿಂದ ವಾಪಸ್ ಬರೋದು ಅಂತ ಏನೂ ಇಲ್ವಲ್ಲ, ಬಲ ಯಾವುದು ಎಡ ಯಾವುದು?

ಉತ್ತರ: ಒಳ್ಳೆ ಪ್ರಶ್ನೆ, ಅನುಭವ ಇರೋರೂ ಇಲ್ಲಿ ತಪ್ತಾರೆ. ದಕ್ಷಿಣಕ್ಕೆ ಹೋಗ್ತಿದೀರಾ ಅಂದ್ರೆ ಕೆಂಪು ನಿಮ್ಮ ಬಲಕ್ಕೆ, ಅಂದ್ರೆ ನೆಲದ ಕಡೆ, ಹಸಿರು ಎಡಕ್ಕೆ, ಸಮುದ್ರದ ಕಡೆ. ನ್ಯೂಜೆರ್ಸಿಯಿಂದ ಫ್ಲೋರಿಡಾ ಸುತ್ತಿ ಟೆಕ್ಸಾಸ್‌ವರೆಗೂ ಇದೇ ನಿಯಮ. ಉತ್ತರಕ್ಕೆ ಬರ್ತಿದ್ರೆ ಎಲ್ಲಾ ಉಲ್ಟಾ.

ತಲೆ ಕೆಡೋದು ವಾಟರ್‌ವೇ ಯಾವ್ದಾದ್ರೂ ದೊಡ್ಡ ನದಿ ಜೊತೆ ಸೇರಿದಾಗ. ಉದಾಹರಣೆಗೆ ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿ ತಗೊಳ್ಳಿ. ಅಲ್ಲಿ ನೀವು ಸ್ವಲ್ಪ ದೂರ ನದಿ ಇಳಿದು ಸಮುದ್ರದ ಕಡೆಗೇ ಹೋಗ್ತಿರ್ತೀರಿ, ಆದ್ರೆ ಆ ನದಿಯ ಗುರುತುಗಳನ್ನ ಹಾಕಿರೋದು ಸಮುದ್ರದಿಂದ ಒಳಗೆ ಬರೋ ಹಡಗುಗಳಿಗೆ. ಅಂದ್ರೆ ಈಗ ಕೆಂಪು ನಿಮ್ಮ ಎಡಕ್ಕೆ ಬಂತು! ಆಗ ನೋಡ್ಬೇಕಾದ್ದು ಬಣ್ಣ ಅಲ್ಲ, ಆ ಕಂಬದ ಮೇಲೋ ಬಾಯ್ (ನೀರಲ್ಲಿ ತೇಲೋ ಗುರುತು) ಮೇಲೋ ಅಂಟಿಸಿರೋ ಸಣ್ಣ ಹಳದಿ ಚಿಹ್ನೆ. ಹಳದಿ ತ್ರಿಕೋನ ಕಂಡ್ರೆ, ಅದು ಹಸಿರು ಬಾಯ್ ಮೇಲಿದ್ರೂ ಸರಿ, ದಕ್ಷಿಣಕ್ಕೆ ಹೋಗೋರಿಗೆ ಬಲಕ್ಕೆ ಇರ್ಬೇಕು. ಹಳದಿ ಚೌಕ ಕಂಡ್ರೆ ಎಡಕ್ಕೆ. ಇಷ್ಟು ನೆನಪಿಟ್ಕೊಂಡ್ರೆ ಆಯ್ತು, ಒಂದು ಬೈನಾಕ್ಯುಲರ್ ಮಾತ್ರ ಚುಕ್ಕಾಣಿ ಪಕ್ಕದಲ್ಲೇ ಇರ್ಲಿ, ಹಳದಿ ಚೂರು ದೂರಕ್ಕೆ ಬರಿಗಣ್ಣಿಗೆ ಕಾಣಲ್ಲ.

ಇನ್ನೊಂದು, ಚಾರ್ಟ್ ಮೇಲೆ ಮೆಜೆಂಟಾ ಬಣ್ಣದ ಗೆರೆ ಎಳೆದಿರತ್ತೆ, ಹೊಸಬರು ಅದನ್ನ ರಸ್ತೆ ಅಂದ್ಕೊಂಡು ಆಟೋಪೈಲಟ್ ಹಾಕ್ಬಿಡ್ತಾರೆ. ಅದು ದಾರಿ ಯಾವ ಕಡೆ ಅಂತ ತೋರಿಸೋ ಗೆರೆ ಅಷ್ಟೇ, ಅಲ್ಲಿ ನೀರಿದೆ ಅನ್ನೋ ಗ್ಯಾರಂಟಿ ಅಲ್ಲ. ನಾರ್ಫೋಕ್‌ನಿಂದ ಫೋರ್ಟ್ ಪಿಯರ್ಸ್‌ವರೆಗೆ ಸರ್ಕಾರ ಗೊತ್ತು ಮಾಡಿರೋ ಆಳ 12 ಅಡಿ, ಅಲ್ಲಿಂದ ಮಯಾಮಿವರೆಗೆ 10 ಅಡಿ, ಆದ್ರೆ ಅಳಿವೆ ಅಕ್ಕಪಕ್ಕ ಮರಳು ಪ್ರತಿ ಬಿರುಗಾಳಿಗೂ ಜಾಗ ಬದಲಾಯಿಸತ್ತೆ, ಹೂಳೆತ್ತೋ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವರು ಎಲ್ಲಾ ಕಡೆ ಒಟ್ಟಿಗೆ ಬರೋಕಾಗಲ್ಲ. ಆಯಾ ಜಾಗದ ಹೊಸ ಸರ್ವೇ ಚಾರ್ಟ್ ಅವರೇ ಹಾಕ್ತಾರೆ, ಹೊರಡೋ ಮುಂಚೆ ಡೌನ್‌ಲೋಡ್ ಮಾಡ್ಕೊಳ್ಳಿ, ಆಮೇಲೆ ಕಣ್ಣು ನೀರಿನ ಆಳ ತೋರಿಸೋ ಡೆಪ್ತ್ ಸೌಂಡರ್ ಮೇಲಿರ್ಲಿ.

ಪ್ರಶ್ನೆ: ಜಾರ್ಜಿಯಾ ಭಾಗ ಬಿಟ್ಟು ಸಮುದ್ರದಲ್ಲೇ ಹೊರಗಿಂದ ಹೋಗಿ ಅಂತ ತುಂಬಾ ಜನ ಹೇಳ್ತಾರೆ. ಅಷ್ಟೊಂದು ಕಷ್ಟನಾ?

ಉತ್ತರ: ಸಣ್ಣ ಬೋಟಲ್ಲಿ ಹೊರಗಿಂದ ಹೋಗಿ ಅಂತ ನಾನು ಯಾರಿಗೂ ಹೇಳಲ್ಲ. ಒಳಗಿಂದಲೇ ಹೋಗಿ, ಆದ್ರೆ ನೀರಿನ ಗಡಿಯಾರ ನೋಡ್ಕೊಂಡು ಹೋಗಿ.

ಜಾರ್ಜಿಯಾದಲ್ಲಿ ಉಬ್ಬರ ಇಳಿತದ ಅಂತರ 7ರಿಂದ 9 ಅಡಿ. ಮಯಾಮಿ ಕಡೆ ಎರಡು ಮೂರು ಅಡಿ ನೋಡಿರೋರಿಗೆ ಇದು ನಂಬೋಕೇ ಆಗಲ್ಲ. ಬೆಳಗ್ಗೆ ಅಗಲವಾದ ನದಿ ಥರ ಕಂಡ ಜಾಗ ಮಧ್ಯಾಹ್ನಕ್ಕೆ ಎರಡೂ ಕಡೆ ಕೆಸರು ದಡ, ಸಿಂಪಿ ಬಂಡೆ, ನಡುವೆ ಒಂದು ಸಣ್ಣ ಸೀಳು. ಹೂಳು ಯಾಕೆ ತುಂಬ್ಕೊಳ್ಳತ್ತೆ ಅಂತ ತಿಳ್ಕೊಂಡ್ರೆ ಎಲ್ಲಿ ಹುಷಾರಾಗಿರ್ಬೇಕು ಅಂತ ತಾನಾಗೇ ಗೊತ್ತಾಗತ್ತೆ. ಒಂದು ದ್ವೀಪದ ಹಿಂದಿನ ಹೊಳೆಗೆ ಉಬ್ಬರದ ನೀರು ದ್ವೀಪದ ಎರಡೂ ತುದಿಯ ಅಳಿವೆಯಿಂದ ನುಗ್ಗತ್ತೆ, ನಡುವೆ ಎಲ್ಲೋ ಎರಡೂ ಎದುರುಬದುರಾಗಿ ನಿಂತುಹೋಗತ್ತೆ, ನಿಂತ ಕಡೆ ಹೊತ್ಕೊಂಡು ಬಂದ ಮಣ್ಣು ಕೆಳಗೆ ಬಿಡತ್ತೆ. ಹೆಲ್ ಗೇಟ್, ಲಿಟಲ್ ಮಡ್ ರಿವರ್, ಜೆಕಿಲ್ ಕ್ರೀಕ್ ಈ ಮೂರು ಹೆಸರು ಬರೆದಿಟ್ಕೊಳ್ಳಿ, ಸಿಕ್ಕಾಕ್ಕೊಳ್ಳೋರು ಜಾಸ್ತಿ ಇಲ್ಲೇ.

ನೀರು ಏರೋದು ಇಳಿಯೋದು ಒಂದೇ ಸಮ ಅಲ್ಲ. ಆರು ಗಂಟೆ ಅಂತ ಇಟ್ಕೊಂಡ್ರೆ ಮೊದಲ ಗಂಟೇಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೇದರಲ್ಲಿ ಎರಡು, ಮೂರು ನಾಲ್ಕನೇ ಗಂಟೇಲಿ ಮೂರು ಮೂರು ಪಾಲು, ಆಮೇಲೆ ಎರಡು, ಒಂದು. 8 ಅಡಿ ಇಳಿಯೋ ಜಾಗದಲ್ಲಿ ನಡುವಿನ ಎರಡು ಗಂಟೆ ಗಂಟೆಗೆ ಎರಡೆರಡು ಅಡಿ ನೀರು ಹೋಗತ್ತೆ, ಎರಡೂವರೆ ನಿಮಿಷಕ್ಕೆ ಒಂದು ಇಂಚು. ಆ ಹೊತ್ತಲ್ಲಿ ಕೆಸರಿಗೆ ತಾಗಿ ‘ಏನ್ ಮಾಡೋಣ’ ಅಂತ ನಾಲ್ಕು ಜನ ಹತ್ತು ನಿಮಿಷ ಚರ್ಚೆ ಮಾಡಿದ್ರೆ ನಾಲ್ಕು ಇಂಚು ನೀರು ಹೋಯ್ತು, ಬೋಟು ಅಲ್ಲೇ ಕೂತ್ಕೊಂಡಂಗೆ, ಮುಂದಿನ ಉಬ್ಬರದವರೆಗೆ. ಅದಕ್ಕೇ ಇಂಥ ಜಾಗಗಳಿಗೆ ಉಬ್ಬರ ಅರ್ಧ ಏರಿದ ಮೇಲೆ, ಇನ್ನೂ ಏರ್ತಿರೋವಾಗ ಹೋಗ್ಬೇಕು. ತಾಗಿದ್ರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡತ್ತೆ. ಒಂದು ವೇಳೆ ಇಳಿತದಲ್ಲೇ ತಾಗಿತು ಅನ್ನಿ, ಮೊದಲು ಗೇರ್ ನ್ಯೂಟ್ರಲ್‌ಗೆ, ಯಾರಿಗೂ ಪೆಟ್ಟಾಗಿಲ್ಲ, ನೀರು ಒಳಗೆ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಬೋಟಿನ ಹಿಂದೆ ಹೊರಗಡೆ ಸಿಕ್ಕಿಸಿರೋ ಔಟ್‌ಬೋರ್ಡ್ ಎಂಜಿನ್ ಆದ್ರೆ ಅದನ್ನ ಸ್ವಲ್ಪ ಮೇಲೆತ್ತಿ, ಜನ ಎಲ್ಲಾ ತಾಗದಿರೋ ಕಡೆಗೆ ಸರೀರಿ, ಬಂದ ದಾರೀಲೇ ಮೆಲ್ಲಗೆ ಹಿಂದಕ್ಕೆ ತೆಗೀರಿ. ಜೋರಾಗಿ ಆಕ್ಸಿಲರೇಟರ್ ಕೊಟ್ಟು ಮುಂದಕ್ಕೆ ನುಗ್ಗಬೇಡಿ, ಎಂಜಿನ್ ತಂಪು ಮಾಡೋ ನೀರಿನ ಜೊತೆ ಕೆಸರು ಮರಳು ಎಳ್ಕೊಂಡು ಪಂಪ್ ಹಾಳಾಗತ್ತೆ.

ಹೊರಡೋ ಮುಂಚೆ ಸಿಕ್ಕಾಕ್ಕೊಂಡ ಬೋಟನ್ನ ಎಳೆಯೋ ಕಂಪನಿಯ ಟೋಯಿಂಗ್ ಮೆಂಬರ್‌ಶಿಪ್ ತಗೊಳ್ಳಿ, ಇದ್ರಲ್ಲಿ ಜಿಪುಣತನ ಬೇಡ. ಕೋಸ್ಟ್ ಗಾರ್ಡ್ ಇರೋದು ಜೀವ ಉಳಿಸೋಕೆ, ಜೀವಕ್ಕೆ ಅಪಾಯ ಇಲ್ಲ ಅಂದ್ರೆ ಕೆಸರಲ್ಲಿ ಕೂತ ಬೋಟನ್ನ ಎಳೆಯೋಕೆ ಖಾಸಗಿ ಟೋ ಬೋಟ್ ನೀವೇ ಕರೀಬೇಕು. ಅವರು ಬಂದಾಗ ಹಗ್ಗ ತಗೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಿ, ಇದು ಟೋಯಿಂಗಾ ಸಾಲ್ವೇಜಾ ಅಂತ. ಸಾಲ್ವೇಜ್ ಅಂದ್ರೆ ಬೋಟಿನ ಬೆಲೆ ಮೇಲೆ ಹಣ ಕೇಳ್ಬಹುದು, ಎರಡಕ್ಕೂ ಅಜಗಜಾಂತರ.

ಪೆಟ್ರೋಲ್ ವಿಷ್ಯಾನೂ ಇಲ್ಲೇ ಹೇಳ್ಬಿಡ್ತೀನಿ. ಜಾರ್ಜಿಯಾದ ಸುಮಾರು 140 ಮೈಲೀಲಿ ಹುಲ್ಲುಗಾವಲಿನಂಥ ಜೌಗು ಬಿಟ್ರೆ ಊರು ಕಡಿಮೆ, ಬಂಕ್ ಕಡಿಮೆ, ಮೊಬೈಲ್ ಸಿಗ್ನಲ್ ಕೂಡ ಬಂದು ಹೋಗಿ ಮಾಡತ್ತೆ. ಟ್ಯಾಂಕಲ್ಲಿ ಮೂರನೇ ಒಂದು ಭಾಗ ಯಾವಾಗ್ಲೂ ಮುಟ್ಟದೇ ಇರ್ಲಿ.

ಪ್ರಶ್ನೆ: ನಮ್ಮಲ್ಲಿ ಯಾರು ಕ್ಯಾಪ್ಟನ್ ಅನ್ನೋದಕ್ಕೇ ಈಗ್ಲೇ ಜಗಳ ಶುರು ಆಗಿದೆ. ಖರ್ಚು ಹಂಚ್ಕೊಳ್ಳೋದು ಹೆಂಗೆ ಅಂತಾನೂ ಹೇಳಿ.

ಉತ್ತರ: ಜಗಳ ಈಗ್ಲೇ ಆಗಿದ್ದು ಒಳ್ಳೇದಾಯ್ತು, ನೀರಿಗಿಳಿದ ಮೇಲೆ ಆಗ್ಬಾರದು. ಹಗಲೆಲ್ಲ ಸರದಿ ಪ್ರಕಾರ ಯಾರು ಬೇಕಾದ್ರೂ ಚುಕ್ಕಾಣಿ ಹಿಡೀಲಿ, ಆದ್ರೆ ಕ್ಯಾಪ್ಟನ್ ಒಬ್ಬರೇ. ಬೋಟಿನ ಓನರ್ ಆಗಿರ್ಬೇಕಂತ ಏನಿಲ್ಲ, ಅನುಭವ ಜಾಸ್ತಿ ಇರೋರು ಆಗ್ಲಿ. ‘ಇವತ್ತು ಹೋಗಲ್ಲ’ ಅಂತ ಕ್ಯಾಪ್ಟನ್ ಅಂದ್ರೆ ಮಾತು ಮುಗೀತು. ಇದಕ್ಕೆ ಇನ್ನೊಂದು ಸೇರಿಸಿ: ಹೋಗೋದಕ್ಕೆ ಎಲ್ಲರ ಒಪ್ಪಿಗೆ ಬೇಕು, ನಿಲ್ಲೋದಕ್ಕೆ ಒಬ್ಬರು ಬೇಡ ಅಂದ್ರೂ ಸಾಕು. ಗುಂಪಲ್ಲಿ ಒಬ್ರಿಗೆ ಭಯ ಆಗಿರತ್ತೆ, ಹೇಳಿದ್ರೆ ಎಲ್ಲಿ ರೇಗಿಸ್ತಾರೋ ಅಂತ ಸುಮ್ನಿರ್ತಾರೆ, ಆ ಮನುಷ್ಯನಿಗೆ ಮಾತಾಡೋ ಜಾಗ ಮೊದಲೇ ಮಾಡಿಟ್ಟಿರ್ಬೇಕು. ಗೆಳೆತನ ಅಂದ್ರೆ ಅದೇ ಅಲ್ವಾ.

ಕುಡಿಯೋದು ಲಂಗರು ಬಿದ್ದ ಮೇಲೆ, ಆ ದಿನಕ್ಕೆ ಎಂಜಿನ್ ಆಫ್ ಆದ ಮೇಲೆ. ಕಾರಿನ ಥರ ಇಲ್ಲೂ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ 0.08 ಅನ್ನೋ ಮಿತಿ ಇದೆ, ಹಿಡಿದ್ರೆ ಬಿಡಲ್ಲ. ಆದ್ರೆ ಕಾನೂನಿಗಿಂತ ದೊಡ್ಡ ಕಾರಣ ಏನಂದ್ರೆ ಬಿಸಿಲು, ಗಾಳಿ, ಎಂಜಿನ್ ಸದ್ದು, ಅಲ್ಲಾಟ ಇವೆಲ್ಲಾ ಸೇರಿ ಮನುಷ್ಯ ಮೊದಲೇ ಸುಸ್ತಾಗಿರ್ತಾನೆ, ಒಂದು ಬಿಯರ್ ಎರಡರಂಗೆ ಏರತ್ತೆ.

ಖರ್ಚಿನ ವಿಷ್ಯ: ಇಂಧನ, ಮರೀನಾ ಬಾಡಿಗೆ, ಊಟ ಒಂದೇ ಡಬ್ಬಿಗೆ ಹಾಕಿ ಸಮಪಾಲು ಮಾಡ್ಕೊಳ್ಳಿ. ರಿಪೇರಿ ಬಂದ್ರೆ ಏನು ಅಂತ ಹೊರಡೋ ಮುಂಚೆ ಮಾತಾಡ್ಕೊಳ್ಳಿ, ಪ್ರೊಪೆಲರ್ ಬಾಗಿದ್ರೆ ಓನರ್ ಒಬ್ಬನ ತಲೆ ಮೇಲೆ ಹಾಕೋದು ನ್ಯಾಯ ಅಲ್ಲ. ಆದ್ರೆ ಒಂದು ಗಡಿ ನೆನಪಿರ್ಲಿ. ಅಮೆರಿಕದ ಕಾನೂನಲ್ಲಿ ಗೆಳೆಯರು ನಿಜವಾದ ಖರ್ಚನ್ನ ತಾವಾಗೇ ಹಂಚ್ಕೊಂಡ್ರೆ ತೊಂದರೆ ಇಲ್ಲ, ‘ಇಷ್ಟು ಕೊಟ್ರೆ ಮಾತ್ರ ಬೋಟಿಗೆ ಹತ್ತಿಸ್ತೀನಿ’ ಅಂತ ಓನರ್ ಅಂದ್ರೆ ಅದು ಬಾಡಿಗೆ ಪ್ರಯಾಣಿಕರು ಅನ್ನೋ ಲೆಕ್ಕಕ್ಕೆ ಹೋಗತ್ತೆ, ಆಗ ಕೋಸ್ಟ್ ಗಾರ್ಡ್ ಲೈಸೆನ್ಸ್ ಇರೋ ಕ್ಯಾಪ್ಟನ್ ಬೇಕಾಗತ್ತೆ, ಇನ್ಶೂರೆನ್ಸ್ ಕೂಡ ಕೈ ಎತ್ತಬಹುದು. ಹಾಗೇ ಚುಕ್ಕಾಣಿ ಹಿಡಿಯೋರೆಲ್ಲ ಬೋಟಿಂಗ್ ಸೇಫ್ಟಿ ಕೋರ್ಸ್ ಮಾಡಿರೋದು ಒಳ್ಳೇದು, ರಾಜ್ಯ ರಾಜ್ಯಕ್ಕೂ ನಿಯಮ ಬೇರೆ, ಫ್ಲೋರಿಡಾದಲ್ಲಿ 1988 ಜನವರಿ 1 ಅಥವಾ ಆಮೇಲೆ ಹುಟ್ಟಿದವರು 10 ಹಾರ್ಸ್‌ಪವರ್ ಅಥವಾ ಮೇಲಿನ ಬೋಟ್ ಓಡಿಸೋಕೆ ಆ ಕಾರ್ಡ್ ಬೇಕೇ ಬೇಕು.

ಪ್ರಶ್ನೆ: ಸೇತುವೆ ತೆರೆಸೋದು ಹೆಂಗೆ? ಫೋನ್ ಮಾಡ್ಬೇಕಾ?

ಉತ್ತರ: ಬೋಟುಗಳಲ್ಲಿ ಮಾತಾಡೋಕೆ ಬಳಸೋ ವಿಎಚ್‌ಎಫ್ ರೇಡಿಯೋ. ವರ್ಜೀನಿಯಾ, ನಾರ್ತ್ ಕೆರೊಲಿನಾದಲ್ಲಿ ಚಾನೆಲ್ 13, ಸೌತ್ ಕೆರೊಲಿನಾ, ಜಾರ್ಜಿಯಾ, ಫ್ಲೋರಿಡಾದಲ್ಲಿ ಚಾನೆಲ್ 9. ಸೇತುವೆ ಹೆಸರು ಹೇಳಿ, ನಿಮ್ಮ ಬೋಟಿನ ಹೆಸರು ಹೇಳಿ, ಯಾವ ಕಡೆ ಹೋಗ್ತಿದೀರಿ ಅಂತ ಹೇಳಿ, ಆಮೇಲೆ ಥ್ಯಾಂಕ್ಸ್ ಹೇಳೋದು ಮರೀಬೇಡಿ. ರೇಡಿಯೋ ಇಲ್ಲಾಂದ್ರೆ ಹಾರ್ನಲ್ಲಿ ಒಂದು ಉದ್ದ ಒಂದು ಗಿಡ್ಡ. ನಿಮ್ಮದು ಸಣ್ಣ ಬೋಟು, ಹೆಚ್ಚಿನ ಸೇತುವೆ ಕೆಳಗೆ ಹಂಗೇ ನುಸುಳಿ ಹೋಗ್ಬಹುದು, ಸೇತುವೆ ಬುಡದಲ್ಲಿ ಅಡಿ ಅಳತೆ ಬರೆದ ಬೋರ್ಡ್ ಇರತ್ತೆ, ಅದನ್ನ ಓದಿ, ಆಂಟೆನಾ ಮಡಚಿ, ತೆರೀರಿ ಅಂತ ಕೇಳ್ಬೇಡಿ, ಮೇಲೆ ರಸ್ತೇಲಿ ಜನ ಕಾಯ್ತಿರ್ತಾರೆ. ಎತ್ತರದ ಖಾಯಂ ಸೇತುವೆಗಳು 65 ಅಡಿ ಲೆಕ್ಕದಲ್ಲಿ ಕಟ್ಟಿರೋದು, ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ, ಅದು ಪಟದ ದೋಣಿಯವರ ತಲೆನೋವು.

ಪ್ರಶ್ನೆ: ನಾರ್ಫೋಕ್ ದಾಟಿದ ಮೇಲೆ ಎರಡು ದಾರಿ ಇದೆಯಂತೆ, ಡಿಸ್ಮಲ್ ಸ್ವಾಂಪ್ ಒಂದು, ವರ್ಜೀನಿಯಾ ಕಟ್ ಒಂದು. ಯಾವುದು ಸರಿ?

ಉತ್ತರ: ಅವಸರ ಇರೋರಿಗೆ ವರ್ಜೀನಿಯಾ ಕಟ್, ಅಂದ್ರೆ 1859ರಲ್ಲಿ ತೆರೆದ ಅಲ್ಬೆಮಾರ್ಲ್ ಅಂಡ್ ಚೆಸಾಪೀಕ್ ಕಾಲುವೆ. ಆಳ ಇದೆ, ಒಂದೇ ಲಾಕು (ಬಾಗಿಲು ಮುಚ್ಚಿ ನೀರು ಏರಿಸಿ ಇಳಿಸಿ ಬೋಟನ್ನ ಇನ್ನೊಂದು ಮಟ್ಟಕ್ಕೆ ದಾಟಿಸೋ ಜಾಗ), ಸರಕು ಸಾಗಿಸೋ ದೊಡ್ಡ ಬಾರ್ಜ್‌ಗಳೂ ಇದೇ ದಾರೀಲಿ ಹೋಗೋದು. ಆದ್ರೆ ಸಣ್ಣ ಬೋಟು, ಗೆಳೆಯರು, ಕೈಯಲ್ಲಿ ಸಮಯ ಇರೋವಾಗ ಡಿಸ್ಮಲ್ ಸ್ವಾಂಪ್ ಬಿಡ್ಬೇಡಿ ಅಂತ ಕೈಮುಗಿದು ಕೇಳ್ತೀನಿ.

ಇದು 22 ಮೈಲಿ ಉದ್ದದ ಕಾಲುವೆ, ಎರಡೂ ತುದೀಲಿ ಒಂದೊಂದು ಲಾಕ್, ಉತ್ತರಕ್ಕೆ ಡೀಪ್ ಕ್ರೀಕ್, ದಕ್ಷಿಣಕ್ಕೆ ಸೌತ್ ಮಿಲ್ಸ್. ಎರಡೂ ದಡದ ಮರ ಬಾಗಿ ನೀರ ಮೇಲೆ ಕಮಾನು ಕಟ್ಟಿರತ್ತೆ. ನೀರು ಕಡು ಕಂದು, ಕೊಳಕಲ್ಲ ಅದು, ಎಲೆ ತೊಗಟೆಯ ಟ್ಯಾನಿನ್ ಇಳಿದು ಆಗಿರೋ ಬಣ್ಣ. ಮರ ಎಲ್ಲಾ ನೀರಲ್ಲಿ ಎಷ್ಟು ಸ್ಪಷ್ಟವಾಗಿ ಕಾಣತ್ತೆ ಅಂದ್ರೆ ಫೋಟೋ ತಲೆಕೆಳಗೆ ಹಿಡಿದ್ರೂ ಗೊತ್ತಾಗಲ್ಲ.

ಆದ್ರೆ ಆ ಚೆಂದದ ಹಿಂದಿರೋದು ಏನು ಅಂತ ತಿಳ್ಕೊಂಡೇ ಹೋಗ್ಬೇಕು ಅನ್ನೋದು ನನ್ನ ಆಸೆ. 1793ರಲ್ಲಿ ತೋಡೋಕೆ ಶುರು ಮಾಡಿ 1805ರಲ್ಲಿ ತೆರೆದ ಕಾಲುವೆ ಇದು, ತೋಡಿದ್ದು ಗುಲಾಮರಾಗಿದ್ದ ಕಪ್ಪು ಜನ, ಸೊಂಟದ ಮಟ್ಟದ ಕೆಸರಲ್ಲಿ ನಿಂತು, ಸೊಳ್ಳೆ ಹಾವಿನ ನಡುವೆ, ಕೈಯಿಂದ. ಅದೇ ಜೌಗು ಕಾಡಿನ ಒಳಗೆ, ಯಾರೂ ಹುಡುಕ್ಕೊಂಡು ಬರೋಕಾಗದ ಒಣ ದಿಬ್ಬಗಳ ಮೇಲೆ, ತಪ್ಪಿಸ್ಕೊಂಡ ಗುಲಾಮರು ತಲೆಮಾರುಗಟ್ಟಲೆ ಬದುಕಿದ್ರು. ಎಂಜಿನ್ ನಿಧಾನ ಮಾಡಿ ಹೋಗೋವಾಗ ಇದನ್ನ ನಿಮ್ಮ ಗೆಳೆಯರಿಗೆ ಹೇಳಿ, ಪಾರ್ಟಿ ಹಾಡು ಸ್ವಲ್ಪ ಹೊತ್ತು ನಿಲ್ಲಿಸಿ.

ಪ್ರಾಕ್ಟಿಕಲ್ ವಿಷ್ಯ: ಲಾಕ್ ತೆರೆಯೋದು ದಿನಕ್ಕೆ ಕೆಲವೇ ಸಲ, ಸಮಯ ಮೊದಲೇ ವಿಚಾರಿಸಿ. ಕಾಲುವೆಗೆ ನೀರು ಬರೋದು ಲೇಕ್ ಡ್ರಮಂಡ್‌ನಿಂದ, ಬರ ಬಂದ್ರೆ ಲಾಕ್ ಮುಚ್ಚಿಬಿಡ್ತಾರೆ. ತೇಲೋ ಮರದ ದಿಮ್ಮಿ, ಮುಳುಗಿರೋ ಕೊಂಬೆ ಇರತ್ತೆ, ಒಬ್ಬರು ಮುಂದೆ ಕೂತು ನೋಡ್ತಾ ಇರ್ಲಿ. ಲಾಕ್ ಒಳಗೆ ನೀರು ಎಂಟಡಿಯಷ್ಟು ಏರತ್ತೆ ಇಳಿಯತ್ತೆ, ಹಗ್ಗವನ್ನ ಗಂಟು ಹಾಕಿ ಬಿಟ್ಟುಬಿಡ್ಬೇಡಿ, ಕೈಯಲ್ಲೇ ಹಿಡಿದು ನೀರಿನ ಜೊತೆ ಬಿಡ್ತಾ ಎಳೀತಾ ಇರಿ, ಗಂಟು ಹಾಕಿದ್ರೆ ನೀರು ಇಳಿದಾಗ ಬೋಟು ಗೋಡೆಗೆ ನೇತಾಡತ್ತೆ. ಬೆರಳು ಹಗ್ಗ ಮತ್ತು ಕ್ಲೀಟ್ (ಹಗ್ಗ ಸುತ್ತೋ ಕೊಕ್ಕೆ) ನಡುವೆ ಸಿಕ್ಕದಂಗೆ ನೋಡ್ಕೊಳ್ಳಿ.

ಪ್ರಶ್ನೆ: ನಮ್ಮ ಜೊತೆ ಇಬ್ಬರು ಮಕ್ಕಳು, ಈಜು ಬರದ ಇಬ್ಬರು ದೊಡ್ಡವರು ಇರ್ತಾರೆ. ಒಳನೀರಲ್ವಾ, ಅಷ್ಟು ಭಯ ಇಲ್ಲ ತಾನೇ?

ಉತ್ತರ: ಒಳನೀರು ಅಂತ ಸಡಿಲ ಬಿಡ್ಬೇಡಿ. ಉಬ್ಬರದ ಸೆಳೆತ ಇರೋ ಕಡೆ, ಉದಾಹರಣೆಗೆ ಚಾರ್ಲ್‌ಸ್ಟನ್ ಹತ್ರದ ಎಲಿಯಟ್ ಕಟ್‌ನಲ್ಲಿ, ಒಳ್ಳೆ ಈಜುಗಾರರಿಗೂ ಎದುರಿಗೆ ಈಜೋಕಾಗಲ್ಲ. 13 ವರ್ಷದ ಒಳಗಿನ ಮಕ್ಕಳು ಬೋಟ್ ಚಲಿಸ್ತಿರೋವಾಗ ಕ್ಯಾಬಿನ್ ಹೊರಗಿದ್ರೆ ಲೈಫ್ ಜಾಕೆಟ್ ಹಾಕಿರ್ಲೇಬೇಕು ಅನ್ನೋದು ಫೆಡರಲ್ ನಿಯಮ. ದೊಡ್ಡವರಿಗೆ ಒಬ್ಬೊಬ್ಬರಿಗೆ ಒಂದು ಬೋಟಲ್ಲಿದ್ರೆ ಸಾಕು ಅನ್ನತ್ತೆ ಕಾನೂನು, ನಾನು ಒಪ್ಪಲ್ಲ, ಸೀಟ್ ಕೆಳಗಿರೋ ಜಾಕೆಟ್ ನೀರಿಗೆ ಬಿದ್ದವರ ಕೈಗೆ ಸಿಗಲ್ಲ. ಎಲ್ಲರೂ ಹಾಕ್ಕೊಳ್ಳಿ. ಗಾಳಿ ತುಂಬ್ಕೊಳ್ಳೋ ತೆಳು ಜಾಕೆಟ್ ದೊಡ್ಡವರಿಗೆ ಸಿಗತ್ತೆ, ಸೆಕೆ ಆಗಲ್ಲ, ಆದ್ರೆ ಈಜು ಬರದವರಿಗೆ ಅದು ಬೇಡ, ಫೋಮ್ ಇರೋದೇ ಕೊಡಿ, ಅದು ಯಾವ ಬಟನ್ನಿಗೂ ಕಾಯಲ್ಲ.

ಚುಕ್ಕಾಣಿ ಹಿಡಿದವರು ಎಂಜಿನ್ ಕಟ್‌ಆಫ್ ಹಗ್ಗ (ಕಿತ್ಕೊಂಡ್ರೆ ಎಂಜಿನ್ ನಿಲ್ಲತ್ತೆ) ಮೈಗೆ ಸಿಕ್ಕಿಸ್ಕೊಂಡೇ ಇರ್ಬೇಕು, 26 ಅಡಿಗಿಂತ ಚಿಕ್ಕ ಬೋಟುಗಳು ವೇಗವಾಗಿ ಹೋಗೋವಾಗ 2021 ಏಪ್ರಿಲ್‌ನಿಂದ ಇದು ಕಡ್ಡಾಯ. ಓಡಿಸೋರು ನೀರಿಗೆ ಬಿದ್ರೆ ಖಾಲಿ ಬೋಟು ಗಿರಕಿ ಹೊಡೆದು ಅವರ ಮೇಲೇ ಬರತ್ತೆ, ಅದನ್ನ ತಪ್ಪಿಸೋಕೆ ಇರೋ ಹಗ್ಗ ಅದು. ಮಕ್ಕಳನ್ನ ಎಂಜಿನ್ ಓಡ್ತಿರೋವಾಗ ಹಿಂದಿನ ಸ್ವಿಮ್ ಪ್ಲಾಟ್‌ಫಾರ್ಮ್ ಮೇಲೆ ಕೂರಿಸ್ಬೇಡಿ, ಪ್ರೊಪೆಲರ್ ಒಂದು ಕಾರಣ, ಕಣ್ಣಿಗೆ ಕಾಣದ ಮೂಗಿಗೆ ಬಡಿಯದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು. ಒಬ್ಬರು ನೀರಿಗೆ ಬಿದ್ರೆ ಹೆಂಗೆ ವಾಪಸ್ ಹತ್ತಿಸ್ತೀರಿ ಅನ್ನೋದನ್ನ ಮೊದಲ ದಿನವೇ ನಿಂತ ನೀರಲ್ಲಿ ಅಭ್ಯಾಸ ಮಾಡಿ. ಮಕ್ಕಳಿಗೂ ರೇಡಿಯೋಲಿ ಚಾನೆಲ್ 16 ಹಾಕಿ ‘ಮೇಡೇ’ ಅಂತ ಅಪಾಯದ ಕರೆ ಕೊಡೋದು ಕಲಿಸಿ, ನಾವು ಎಲ್ಲಿದೀವಿ, ಏನಾಗಿದೆ, ಎಷ್ಟು ಜನ ಅಂತ. ಪಾಪ ಅವರೇ ಬೇಗ ಕಲೀತಾರೆ.

ಮತ್ತೆ ಕೆರೊಲಿನಾದಿಂದ ದಕ್ಷಿಣಕ್ಕೆ ಸಿಹಿನೀರಿನ ನದಿಗಳಲ್ಲಿ ಮೊಸಳೆ ಜಾತಿಯ ಅಲಿಗೇಟರ್ ಇರತ್ತೆ, ಕಂಡಲ್ಲೆಲ್ಲ ಈಜೋಕೆ ಇಳೀಬೇಡಿ.

ಪ್ರಶ್ನೆ: ಯಾವ ತಿಂಗಳು ಒಳ್ಳೇದು?

ಉತ್ತರ: ದಕ್ಷಿಣಕ್ಕೆ ಅಕ್ಟೋಬರ್, ನವೆಂಬರ್. ಉತ್ತರಕ್ಕೆ ಏಪ್ರಿಲ್, ಮೇ. ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30, ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳು ಆ ಅವಧೀಲಿ ಇಂತಿಷ್ಟು ಅಕ್ಷಾಂಶಕ್ಕಿಂತ ಕೆಳಗೆ ಹೋಗ್ಬಾರದು ಅನ್ನತ್ವೆ, ಪಾಲಿಸಿ ಓದಿ. ಶರತ್ಕಾಲದಲ್ಲಿ ಹಗಲು ಚಿಕ್ಕದು, ಮಧ್ಯಾಹ್ನ ಮೂರೂವರೆಗೇ ರಾತ್ರಿ ಜಾಗ ನೋಡ್ಕೊಳ್ಳಿ, ಕತ್ತಲಲ್ಲಿ ಈ ದಾರಿ ಓಡಿಸೋದು ಬೇಡ, ಏಡಿ ಬೋನಿನ ತೇಲುಗುಂಡು, ದೀಪ ಇಲ್ಲದ ಕಂಬ ಯಾವುದೂ ಕಾಣಲ್ಲ.

ಪ್ರಶ್ನೆ: ಮರೀನಾಗೆ ದಿನಾ ದುಡ್ಡು ಕೊಡೋಕಾಗಲ್ಲ. ರಾತ್ರಿ ಲಂಗರು ಹಾಕಿ ಬೋಟಲ್ಲೇ ಮಲಗೋಕೆ ನಿಮಗೆ ಇಷ್ಟವಾದ ಜಾಗ ಹೇಳಿ. ಹಗ್ಗ ಎಷ್ಟು ಬಿಡ್ಬೇಕು ಅಂತಾನೂ ಹೇಳಿ.

ಉತ್ತರ: ಎರಡು ಜಾಗ. ಒಂದು ಸೌತ್ ಕೆರೊಲಿನಾದ ವಕಮಾ ನದಿ. ಮರ್ಟಲ್ ಬೀಚ್ ಹತ್ರ ರಾಕ್ ಪೈಲ್ ಅಂತ ಬಂಡೆ ಅಂಚಿನ ಕಿರಿದಾದ ಕಟಿಂಗ್ ದಾಟಬೇಕು, ಅಲ್ಲಿ ನುಗ್ಗೋ ಮುಂಚೆ ರೇಡಿಯೋಲಿ ಎದುರಿಂದ ಬಾರ್ಜ್ ಬರ್ತಿದೆಯಾ ಅಂತ ಕೂಗಿ ಕೇಳಿ, ಅದು ದಾಟಿದ್ಮೇಲೆ ವಕಮಾ ಸಿಗತ್ತೆ. ಸೈಪ್ರೆಸ್ ಮರಗಳು ಬೇರಿನ ಸಮೇತ ನೀರಲ್ಲಿ ನಿಂತಿರತ್ವೆ, ಕೊಂಬೆಗಳಿಂದ ಸ್ಪ್ಯಾನಿಷ್ ಮಾಸ್ ಅನ್ನೋ ಗಡ್ಡದಂಥ ಸಸ್ಯ ಜೋತಾಡ್ತಿರತ್ತೆ, ನದಿಯ ಹಳೇ ತಿರುವುಗಳಲ್ಲಿ ಅಲೆನೇ ಇಲ್ಲ. ಇಡೀ ದಾರೀಲಿ ಇದಕ್ಕಿಂತ ಚೆಂದದ ಭಾಗ ಇಲ್ಲ ಅಂತ ನಾನು ಯಾರ ಜೊತೆ ಬೇಕಾದ್ರೂ ವಾದಕ್ಕೆ ಕೂರ್ತೀನಿ.

ಇನ್ನೊಂದು ಜಾರ್ಜಿಯಾದ ದಕ್ಷಿಣ ತುದಿಯ ಕಂಬರ್ಲೆಂಡ್ ದ್ವೀಪ. ಸೇತುವೆ ಇಲ್ಲ, ದೋಣೀಲೇ ಹೋಗ್ಬೇಕು, 1972ರಿಂದ ರಾಷ್ಟ್ರೀಯ ಸಂರಕ್ಷಿತ ಕಡಲತೀರ. ದ್ವೀಪದ ಹಿಂದೆ ಲಂಗರು ಹಾಕಿ ಬೆಳಗ್ಗೆ ಇಳಿದು ಓಕ್ ಮರಗಳ ಕೆಳಗೆ ನಡೆದು ಆಚೆ ಬೀಚಿಗೆ ಹೋಗ್ಬಹುದು, ಕಾಡುಕುದುರೆ ಕಾಣತ್ವೆ, ಹತ್ರ ಹೋಗ್ಬೇಡಿ, ತಿನ್ನೋಕೆ ಕೊಡ್ಬೇಡಿ.

ಹಗ್ಗದ ಲೆಕ್ಕ ಇಲ್ಲೇ ಮುಖ್ಯ. ಲಂಗರು ಹಾಕೋವಾಗ ನೀರು 8 ಅಡಿ ಇದೆ ಅನ್ನಿ, ನೀರಿನಿಂದ ಬೋಟಿನ ಮೂತಿ 4 ಅಡಿ ಮೇಲೆ, ಉಬ್ಬರ ಬಂದ್ರೆ ಇನ್ನು 8 ಅಡಿ, ಒಟ್ಟು 20. ಅದರ ಏಳು ಪಟ್ಟು, ಅಂದ್ರೆ 140 ಅಡಿ ಬಿಡ್ಬೇಕು, ಗಾಳಿ ಇಲ್ಲದ ರಾತ್ರಿ ಐದು ಪಟ್ಟು, 100 ಅಡಿಗೆ ನಡೆಯತ್ತೆ. ಎಂಟಡಿ ನೀರಲ್ವಾ ಅಂತ 50 ಅಡಿ ಬಿಟ್ಟು ಮಲಗಿದ್ರೆ ಉಬ್ಬರದ ಹೊತ್ತಿಗೆ ಲಂಗರು ಕಿತ್ಕೊಂಡು ಬರತ್ತೆ. ಹಾಕೋ ಹೊತ್ತಿಗೆ ಉಬ್ಬರ ಪೂರ್ತಿ ಏರಿದ್ರೆ ಲೆಕ್ಕ ತಿರುಗಿಸಿ, ಇಳಿದ ಮೇಲೂ ಬೋಟು ತೇಲುವಷ್ಟು ನೀರು ಸುತ್ತಲೂ ಇರತ್ತಾ ನೋಡಿ. ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಾಯಿಸತ್ತೆ, ಬೋಟು ಪೂರ್ತಿ ತಿರುಗತ್ತೆ, ಆ ವೃತ್ತದೊಳಗೆ ಬೇರೆ ಬೋಟು, ಕಂಬ, ದಡ ಏನೂ ಇರ್ಬಾರದು. ಸೂರ್ಯ ಮುಳುಗೋ ಮುಂಚೆ ಮೇಲಿನ ಬಿಳಿ ಲಂಗರು ದೀಪ ಹಾಕಿ, ಬೋಟು ಜಾಗ ಬಿಟ್ಟು ಸರಿದ್ರೆ ಎಚ್ಚರಿಸೋ ಆಂಕರ್ ಅಲಾರ್ಮ್ ಫೋನಲ್ಲಿ ಇಟ್ಕೊಳ್ಳಿ, ಟಾಯ್ಲೆಟ್ ಟ್ಯಾಂಕ್ ನೀರಿಗೆ ಬಿಡ್ಬೇಡಿ, ಪಂಪ್‌ಔಟ್ ಇರೋ ಮರೀನಾದಲ್ಲೇ ಖಾಲಿ ಮಾಡಿಸಿ. ಮತ್ತೆ ಸೊಳ್ಳೆ ಪರದೆ, ತೀರಾ ಸಣ್ಣ ಕಣ್ಣಿನದು ತಗೊಳ್ಳಿ, ಅಲ್ಲಿನ ಸಣ್ಣ ನುಸಿ ಮಾಮೂಲಿ ಪರದೆ ತೂರಿ ಒಳಗೆ ಬರತ್ತೆ.